ಕಲ್ಲಿದ್ದಲಿನ ಲೆಕ್ಕ ಬರೆದ ಜೆವನ್ಸ್

ನಾವು ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದ ಎಂಬತ್ತರ ದಶಕದ ಆರಂಭದಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಹೆಸರು ಒಂದೇ ಒಂದು ಪ್ರಶ್ನೆಗೆ ಉತ್ತರವಾಗಿ ಬರುತ್ತಿತ್ತು. ಸೀಮಾಂತ ತುಷ್ಟಿಗುಣ ಸಿದ್ಧಾಂತವನ್ನು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದಂತೆ ರೂಪಿಸಿದ ಮೂವರು ಯಾರು ಎಂಬುದು ಆ ಪ್ರಶ್ನೆ. ಇಂಗ್ಲೆಂಡಿನ ಜೆವನ್ಸ್, ಆಸ್ಟ್ರಿಯದ ಕಾರ್ಲ್ ಮೆಂಗರ್, ಲೊಸಾನ್‌ನಲ್ಲಿ ಪಾಠ ಹೇಳುತ್ತಿದ್ದ ಲಿಯೋ ವಾಲ್ರಾ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಅದೇ ಜೆವನ್ಸ್ ಅದಕ್ಕೂ ಆರು ವರ್ಷ ಮೊದಲು, 1865ರಲ್ಲಿ, ಕಲ್ಲಿದ್ದಲಿನ ಬಗ್ಗೆ ಒಂದು ಪುಸ್ತಕ ಬರೆದು ಇಂಗ್ಲೆಂಡಿನ ಸಂಸತ್ತನ್ನೇ ಚಿಂತೆಗೆ ಹಚ್ಚಿದ್ದರೆಂಬುದನ್ನು ನಮಗೆ ಯಾರೂ ಹೇಳಲಿಲ್ಲ. ಅದು ನನಗೆ ತಿಳಿದದ್ದು ಸೇವೆಗೆ ಸೇರಿ ಬಹಳ ವರ್ಷಗಳಾದ ಮೇಲೆ, ಹನಿ ನೀರಾವರಿಯ ಕಡತವೊಂದರ ನೆಪದಲ್ಲಿ. ಆ ಪ್ರಸಂಗವನ್ನು ಮುಂದೆ ಹೇಳುತ್ತೇನೆ.

ಇಂಧನ ಅರ್ಥಶಾಸ್ತ್ರ, ಪರಿಸರ ಅರ್ಥಶಾಸ್ತ್ರ ಎಂಬ ಹೆಸರಿನ ವಿಭಾಗಗಳು ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆದರೆ ಒಂದು ದೇಶದ ಸಂಪತ್ತು ನೆಲದಡಿಯ ಮುಗಿದುಹೋಗುವ ಇಂಧನವನ್ನು ಅವಲಂಬಿಸಿದಾಗ ಆ ದೇಶ ಏನನ್ನು ಎದುರಿಸಬೇಕಾದೀತು ಎಂಬ ಪ್ರಶ್ನೆಯನ್ನು ಅಂಕಿಅಂಶಗಳೊಡನೆ ಎದುರಿಗಿಟ್ಟ ಮೊದಲಿಗರಲ್ಲಿ ಈ ಮ್ಯಾಂಚೆಸ್ಟರ್ ಉಪನ್ಯಾಸಕರಿಗೆ ಅಗ್ರಸ್ಥಾನ ಸಲ್ಲಬೇಕು.

ಜೆವನ್ಸ್ ಹುಟ್ಟಿದ್ದು 1835ರ ಸೆಪ್ಟೆಂಬರ್ 1ರಂದು, ಲಿವರ್‌ಪೂಲಿನಲ್ಲಿ. ತಂದೆ ಥಾಮಸ್ ಜೆವನ್ಸ್ ಕಬ್ಬಿಣದ ವರ್ತಕರು. ಕಬ್ಬಿಣದ ದೋಣಿ ನೀರಿನಲ್ಲಿ ತೇಲಬಲ್ಲದೆಂದು ಜನ ನಂಬದಿದ್ದ ಕಾಲದಲ್ಲಿ ಅದನ್ನು ಕಟ್ಟಿಸಿದವರಲ್ಲೊಬ್ಬರು. ತಾಯಿ ಮೇರಿ ಆ್ಯನ್, ಲಿವರ್‌ಪೂಲಿನ ಬ್ಯಾಂಕರ್, ಇತಿಹಾಸಕಾರ ವಿಲಿಯಂ ರಾಸ್ಕೊ ಅವರ ಮಗಳು. ಗುಲಾಮರ ವ್ಯಾಪಾರದಿಂದಲೇ ಕೊಬ್ಬಿದ್ದ ಬಂದರು ನಗರದ ಪ್ರತಿನಿಧಿಯಾಗಿ ಸಂಸತ್ತಿಗೆ ಹೋಗಿ ಆ ವ್ಯಾಪಾರದ ವಿರುದ್ಧವೇ ಮತ ಹಾಕಿದ ಧೀಮಂತ ರಾಸ್ಕೊ. ಮನೆತನ ಯೂನಿಟೇರಿಯನ್ ಪಂಥಕ್ಕೆ ಸೇರಿದ್ದು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿಗಳು ಆಂಗ್ಲಿಕನ್ ಚರ್ಚಿನವರಿಗೆ ಮಾತ್ರ ಮೀಸಲಾಗಿದ್ದ ದಿನಗಳವು. ಆದ್ದರಿಂದ ಆ ಮನೆಯ ಹುಡುಗರ ಪಾಲಿಗೆ ಇದ್ದದ್ದು ಧರ್ಮದ ಕಟ್ಟುಪಾಡಿಲ್ಲದ ಲಂಡನ್ನಿನ ಯೂನಿವರ್ಸಿಟಿ ಕಾಲೇಜು.

ಹತ್ತು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಅಣ್ಣನೊಬ್ಬ ಬುದ್ಧಿಸ್ಥಿಮಿತ ಕಳೆದುಕೊಂಡ. ರೈಲ್ವೆ ಷೇರುಗಳ ಹುಚ್ಚು ಇಳಿದು ಬಂದ ಮುಗ್ಗಟ್ಟಿನಲ್ಲಿ, 1848ರಲ್ಲಿ, ತಂದೆಯ ವ್ಯಾಪಾರ ದಿವಾಳಿಯಾಯಿತು. ಮುಂದೆ ವಾಣಿಜ್ಯದ ಏರಿಳಿತಗಳಿಗೆ ಕಾರಣವೇನೆಂದು ಜೀವನವಿಡೀ ಹುಡುಕಿದ ಮನುಷ್ಯನಿಗೆ ಆ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ, ಮನೆಯ ಪಡಸಾಲೆಯಿಂದಲೇ ಬಂದದ್ದು ಎಂದು ನನಗನ್ನಿಸುತ್ತದೆ.

ಕಾಲೇಜಿನಲ್ಲಿ ಅವರು ಓದಿದ್ದು ರಸಾಯನಶಾಸ್ತ್ರ. ವ್ಯಾಸಂಗ ಮುಗಿಯುವ ಮೊದಲೇ, ಆಸ್ಟ್ರೇಲಿಯದಲ್ಲಿ ಚಿನ್ನ ಸಿಕ್ಕು ಸಿಡ್ನಿಯಲ್ಲಿ ಹೊಸ ಟಂಕಸಾಲೆ ತೆರೆದಾಗ, ಚಿನ್ನದ ಪರಿಶುದ್ಧತೆ ಪರೀಕ್ಷಿಸುವ ಹುದ್ದೆಗೆ ಪ್ರಾಧ್ಯಾಪಕ ಥಾಮಸ್ ಗ್ರಹಾಂ ಈ ವಿದ್ಯಾರ್ಥಿಯ ಹೆಸರನ್ನು ಸೂಚಿಸಿದರು. ಮನೆಯ ಸ್ಥಿತಿ ನೋಡಿ ಒಪ್ಪಿಕೊಂಡ ಹುಡುಗ 1854ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ ಸಿಡ್ನಿ ತಲುಪಿದ. ಕೈತುಂಬ ಸಂಬಳ, ಕಡಿಮೆ ಕೆಲಸ. ಬಿಡುವಿನ ವೇಳೆಯನ್ನು ಜೆವನ್ಸ್ ಬಳಸಿಕೊಂಡ ರೀತಿ ಅಚ್ಚರಿ ಹುಟ್ಟಿಸುತ್ತದೆ. ನಿತ್ಯ ಹವಾಮಾನದ ಅಳತೆಗಳನ್ನು ಬರೆದಿಟ್ಟು ಆಸ್ಟ್ರೇಲಿಯದ ವಾಯುಗುಣದ ಬಗ್ಗೆ ಗಂಭೀರ ಲೇಖನ ಪ್ರಕಟಿಸಿದರು. ಆಗಿನ್ನೂ ಹೊಸದಾಗಿದ್ದ ಛಾಯಾಗ್ರಹಣ ಕಲಿತರು. 1858ರಲ್ಲಿ ಸಿಡ್ನಿ ನಗರದ ಬೀದಿಬೀದಿ ಸುತ್ತಿ ಎಲ್ಲಿ ಯಾವ ವರ್ಗದ ಜನ ಹೇಗೆ ಬದುಕುತ್ತಾರೆ ಎಂಬುದರ ಸಮೀಕ್ಷೆ ಬರೆದರು. ಅಲ್ಲಿಯೇ ರೈಲು ಮಾರ್ಗಗಳ ಲಾಭನಷ್ಟದ ವಾಗ್ವಾದಗಳನ್ನು ಓದುತ್ತ ಅರ್ಥಶಾಸ್ತ್ರದ ಕಡೆ ತಿರುಗಿದರು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಭದ್ರವಾದ ಸರ್ಕಾರಿ ನೌಕರಿಗೆ ರಾಜೀನಾಮೆ ಕೊಟ್ಟು, ಅಮೆರಿಕದ ಮಾರ್ಗವಾಗಿ ಊರಿಗೆ ಮರಳಿ, ಮತ್ತೆ ವಿದ್ಯಾರ್ಥಿಯಾಗಿ ಕಾಲೇಜಿನ ಬೆಂಚಿನ ಮೇಲೆ ಕುಳಿತರು. ನಾನೂ ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದವನಾದ್ದರಿಂದ ಈ ನಿರ್ಧಾರದ ತೂಕವನ್ನು ಊಹಿಸಬಲ್ಲೆ.

1862ರಲ್ಲಿ ಎಂ.ಎ. ಪದವಿ, ಚಿನ್ನದ ಪದಕ. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಸೇರಿದ್ದ ಬ್ರಿಟಿಷ್ ಅಸೋಸಿಯೇಷನ್ ಅಧಿವೇಶನಕ್ಕೆ ಅರ್ಥಶಾಸ್ತ್ರವನ್ನು ಗಣಿತದ ಭಾಷೆಯಲ್ಲಿ ಹೇಳಬಹುದೆಂಬ ಕಿರು ಪ್ರಬಂಧವನ್ನು ಕಳಿಸಿದರು. ಯಾರೂ ಗಮನಿಸಲಿಲ್ಲ. ಮರುವರ್ಷ ಚಿನ್ನದ ಮೌಲ್ಯ ಕುಸಿಯುತ್ತಿದೆ ಎಂಬ ಕಿರುಹೊತ್ತಗೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಕ್ಯಾಲಿಫೋರ್ನಿಯ, ಆಸ್ಟ್ರೇಲಿಯಗಳ ಚಿನ್ನ ಮಾರುಕಟ್ಟೆಗೆ ಹರಿದ ಮೇಲೆ 39 ಮುಖ್ಯ ಸರಕುಗಳ ಬೆಲೆ ಹೇಗೆ ಬದಲಾಯಿತೆಂದು ಲೆಕ್ಕ ಹಾಕಿ, ಗುಣೋತ್ತರ ಸರಾಸರಿಯನ್ನು ಬಳಸಿ, ಚಿನ್ನದ ಮೌಲ್ಯ ಕನಿಷ್ಠ ಶೇ 9ರಷ್ಟು ಇಳಿದಿದೆ ಎಂದು ತೋರಿಸಿದರು. ಇಂದು ಪ್ರತಿ ತಿಂಗಳು ಪತ್ರಿಕೆಯಲ್ಲಿ ಬೆಲೆ ಸೂಚ್ಯಂಕದ ಸುದ್ದಿ ಓದುವ ನಾವು ಅದರ ಪೂರ್ವಜರ ಸಾಲಿನಲ್ಲಿ ಈ ಹೊತ್ತಗೆಯನ್ನು ನೆನೆಯಬೇಕು. ಟಂಕಸಾಲೆಯಲ್ಲಿ ಚಿನ್ನ ತೂಗಿದ ಕೈ ಅದರ ಬೆಲೆಯನ್ನೂ ತೂಗಿತು. ಪುಸ್ತಕದ ಪ್ರತಿಗಳು ಮಾತ್ರ ಮಾರಾಟವಾಗಲಿಲ್ಲ.

ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ 1863ರಲ್ಲಿ ಬೋಧಕರ ಕೆಲಸ ಸಿಕ್ಕಿತು. ಎಲ್ಲ ವಿಷಯಗಳಲ್ಲೂ ಹಿಂದುಳಿದ ವಿದ್ಯಾರ್ಥಿಗಳನ್ನು ತಿದ್ದುವ, ಪ್ರತಿಷ್ಠೆಯಿಲ್ಲದ ಹುದ್ದೆಯದು. ಅಲ್ಲಿದ್ದುಕೊಂಡು ಹೆಸರು ಮಾಡುವಂಥ ವಿಷಯವೊಂದನ್ನು ಹುಡುಕುತ್ತಿದ್ದ ಜೆವನ್ಸ್‌ಗೆ ಕಲ್ಲಿದ್ದಲು ಕಣ್ಣಿಗೆ ಬಿತ್ತು. ಅದೇ ವರ್ಷ ಉದ್ಯಮಿ ವಿಲಿಯಂ ಆರ್ಮ್‌ಸ್ಟ್ರಾಂಗ್ ಬ್ರಿಟಿಷ್ ಅಸೋಸಿಯೇಷನ್ನಿನ ಅಧ್ಯಕ್ಷ ಭಾಷಣದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಎಷ್ಟು ಕಾಲ ಬಾಳೀತೆಂಬ ಪ್ರಶ್ನೆ ಎತ್ತಿದ್ದರು. ಭೂವಿಜ್ಞಾನಿ ಎಡ್ವರ್ಡ್ ಹಲ್ ನಾಲ್ಕು ಸಾವಿರ ಅಡಿ ಆಳದವರೆಗೆ ಸುಮಾರು 8,000 ಕೋಟಿ ಟನ್ ಕಲ್ಲಿದ್ದಲು ಇದೆಯೆಂದು ಅಂದಾಜು ಮಾಡಿದ್ದರು. 1861ರ ಬಳಕೆ ಸುಮಾರು 8.4 ಕೋಟಿ ಟನ್. ಭಾಗಿಸಿ ನೋಡಿದರೆ ಒಂಬೈನೂರು ವರ್ಷಕ್ಕೂ ಹೆಚ್ಚು ಕಾಲ ಸಾಲುತ್ತದೆ. ಹೀಗಿರುವಾಗ ಯಾರಿಗೆ ತಾನೆ ಆತಂಕ?

ಆ ಭಾಗಾಕಾರವೇ ತಪ್ಪು ಎಂದರು ಜೆವನ್ಸ್. ಬಳಕೆ ನಿಂತಲ್ಲೇ ನಿಂತಿಲ್ಲ, ವರ್ಷಕ್ಕೆ ಶೇ 3.5ರಂತೆ ಬೆಳೆಯುತ್ತಿದೆ, ಅಂದರೆ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಿದೆ. ಈ ವೇಗ ಮುಂದುವರಿದರೆ 1961ರ ಒಂದೇ ವರ್ಷದಲ್ಲಿ 260 ಕೋಟಿ ಟನ್ ಬೇಕಾಗುತ್ತದೆ. ನೂರ ಹತ್ತು ವರ್ಷಗಳ ಒಟ್ಟು ಬಳಕೆ 10,000 ಕೋಟಿ ಟನ್ ಮುಟ್ಟುತ್ತದೆ. ಹಲ್ ಅಂದಾಜಿಸಿದ ಇಡೀ ನಿಧಿಯನ್ನೇ ಅದು ಮೀರುತ್ತದೆ. ಚಕ್ರಬಡ್ಡಿಯ ಈ ಗಣಿತ ಇಂದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು. ಆದರೂ ನಮ್ಮ ಯೋಜನಾ ವರದಿಗಳಲ್ಲಿ ನಿಕ್ಷೇಪವನ್ನು ಇಂದಿನ ಬಳಕೆಯಿಂದ ಭಾಗಿಸಿ ಇಷ್ಟು ವರ್ಷ ಸಾಲುತ್ತದೆ ಎಂದು ಬರೆಯುವ ಅಭ್ಯಾಸ ಹೋಗಿಲ್ಲ. ಅಂಥ ವರದಿಗಳಿಗೆ ನಾನೂ ಸಹಿ ಹಾಕಿದ್ದೇನೆ.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಕಲ್ಲಿದ್ದಲು ಒಂದು ದಿನ ಥಟ್ಟನೆ ಮುಗಿದುಹೋಗುತ್ತದೆ ಎಂದು ಜೆವನ್ಸ್ ಹೇಳಲಿಲ್ಲ. ಅವರು ಹೇಳಿದ್ದು ಅದಕ್ಕಿಂತ ಸೂಕ್ಷ್ಮವಾದದ್ದು. ಮೇಲಿನ ಸ್ತರಗಳು ತೀರಿದಂತೆ ಆಳಕ್ಕಿಳಿಯಬೇಕು. ಆಳ ಹೆಚ್ಚಿದಂತೆ ಶಾಖ, ನೀರು, ಕೂಲಿ, ಯಂತ್ರಗಳ ವೆಚ್ಚ ಹೆಚ್ಚುತ್ತದೆ. ಅಗ್ಗದ ಕಲ್ಲಿದ್ದಲಿನ ಮೇಲೆ ನಿಂತ ಕಾರ್ಖಾನೆಗಳು ಅಮೆರಿಕದಂಥ ದೇಶಗಳ ಎದುರು ಸೋಲತೊಡಗುತ್ತವೆ. ನಿಧಿ ಬರಿದಾಗುವುದಕ್ಕೆ ಬಹಳ ಮೊದಲೇ ಬೆಳವಣಿಗೆ ನಿಲ್ಲುತ್ತದೆ. ಗಾಳಿ, ನೀರು, ಉಬ್ಬರವಿಳಿತ, ಸೂರ್ಯನ ಶಾಖ, ಪೆಟ್ರೋಲಿಯಂ ಒಂದೊಂದನ್ನೂ ಪರಿಶೀಲಿಸಿ, ಕಲ್ಲಿದ್ದಲಿನ ಸ್ಥಾನವನ್ನು ಯಾವುದೂ ತುಂಬಲಾರದೆಂದು ತೀರ್ಮಾನಿಸಿದರು. ಪೆಟ್ರೋಲಿಯಂ ವಿಷಯದಲ್ಲಿ ಅವರು ಎಡವಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಮುಂದಿನ ಶತಮಾನವನ್ನು ಆಳಲಿದ್ದ ಇಂಧನವನ್ನು ಕೆಲವೇ ಮಾತುಗಳಲ್ಲಿ ಬದಿಗೆ ಸರಿಸಿಬಿಟ್ಟರು.

ಆ ಪುಸ್ತಕದ ಏಳನೆಯ ಅಧ್ಯಾಯ ಮಾತ್ರ ಇಂದಿಗೂ ಹಳತಾಗಿಲ್ಲ. ಉತ್ತಮ ಯಂತ್ರಗಳು ಬಂದರೆ ಕಲ್ಲಿದ್ದಲು ಉಳಿತಾಯವಾಗುತ್ತದಲ್ಲ, ಚಿಂತೆ ಏಕೆ ಎಂದು ಕೇಳುವವರಿಗೆ ಅಲ್ಲಿ ಉತ್ತರವಿದೆ. ಇಂಧನವನ್ನು ಮಿತವ್ಯಯದಿಂದ ಬಳಸುವ ಯಂತ್ರ ಬಂದೊಡನೆ ಒಟ್ಟು ಬಳಕೆ ತಗ್ಗುತ್ತದೆಂದು ತಿಳಿಯುವುದು ಭ್ರಮೆ, ಆಗುವುದು ಅದಕ್ಕೆ ವಿರುದ್ಧ ಎಂದು ಜೆವನ್ಸ್ ವಾದಿಸಿದರು. ಸೇವರಿಯ ಆದಿಮ ಉಗಿ ಯಂತ್ರ ಎಷ್ಟು ದುಂದುಗಾರನೆಂದರೆ ಅದನ್ನು ಯಾರೂ ಬಳಸಲಿಲ್ಲ, ಹಾಗಾಗಿ ಅದು ಕಲ್ಲಿದ್ದಲನ್ನೇ ಸುಡಲಿಲ್ಲ. ನ್ಯೂಕಮೆನ್, ಸ್ಮೀಟನ್, ವಾಟ್ ಒಬ್ಬರಾದ ಮೇಲೊಬ್ಬರು ಯಂತ್ರವನ್ನು ಸುಧಾರಿಸಿದಂತೆ ಉಗಿಶಕ್ತಿ ಅಗ್ಗವಾಯಿತು. ಅಗ್ಗವಾದದ್ದರಿಂದ ಗಣಿಯಿಂದ ಗಿರಣಿಗೆ, ಗಿರಣಿಯಿಂದ ರೈಲಿಗೆ, ರೈಲಿನಿಂದ ಹಡಗಿಗೆ ಹಬ್ಬಿತು. ಸ್ಕಾಟ್ಲೆಂಡಿನ ಕಬ್ಬಿಣದ ಉದಾಹರಣೆ ಇನ್ನೂ ಸ್ಪಷ್ಟ. ನೀಲ್ಸನ್ ಎಂಬವರು ಊದುಕುಲುಮೆಗೆ ತಣ್ಣನೆಯ ಗಾಳಿಯ ಬದಲು ಬಿಸಿಗಾಳಿ ಹಾಯಿಸುವ ವಿಧಾನ ಕಂಡುಹಿಡಿದರು. ಒಂದು ಟನ್ ಕಬ್ಬಿಣಕ್ಕೆ ಬೇಕಾಗುವ ಕಲ್ಲಿದ್ದಲು ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾಯಿತು. ಪರಿಣಾಮ? 1830ರಿಂದ 1863ರ ನಡುವೆ ಅಲ್ಲಿನ ಕುಲುಮೆಗಳ ಒಟ್ಟು ಕಲ್ಲಿದ್ದಲು ಬಳಕೆ ಹತ್ತು ಪಟ್ಟಾಯಿತು. ಇದನ್ನೇ ಇಂದು ಜೆವನ್ಸ್ ವಿರೋಧಾಭಾಸ ಎಂದು ಕರೆಯುತ್ತಾರೆ.

ಹನಿ ನೀರಾವರಿಯ ಕಡತದ ಮಾತು ಬಂದದ್ದು ಇಲ್ಲಿಯೇ. ಬಯಲುಸೀಮೆಯ ಬರಪೀಡಿತ ಜಿಲ್ಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಹನಿ ನೀರಾವರಿಗೆ ಸಹಾಯಧನ ಕೊಡುವ ಪ್ರಸ್ತಾವಗಳು ನನ್ನ ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು. ಅರ್ಧದಷ್ಟು ನೀರು ಉಳಿತಾಯ, ಅಂತರ್ಜಲ ಮಟ್ಟ ಚೇತರಿಕೆ ಎಂದು ಪ್ರತಿಯೊಂದರಲ್ಲೂ ಬರೆದಿರುತ್ತಿತ್ತು. ಸಂತೋಷದಿಂದಲೇ ಮಂಜೂರು ಮಾಡಿದೆ. ಮೂರ್ನಾಲ್ಕು ವರ್ಷಗಳ ನಂತರ ಅದೇ ಹಳ್ಳಿಗಳಿಗೆ ಹೋದಾಗ ಒಂದು ಎಕರೆಯಲ್ಲಿದ್ದ ದಾಳಿಂಬೆ ಮೂರು ಎಕರೆಗೆ ಹಬ್ಬಿತ್ತು. ಕೊಳವೆಬಾವಿಗಳು ಇನ್ನಷ್ಟು ಆಳಕ್ಕಿಳಿದಿದ್ದವು. ಹಿರಿಯ ರೈತರೊಬ್ಬರನ್ನು ಉಳಿದ ನೀರು ಏನಾಯಿತೆಂದು ಕೇಳಿದೆ. ಪೈಪಿನಲ್ಲಿ ಮಿಕ್ಕ ನೀರನ್ನು ಭೂತಾಯಿಗೆ ವಾಪಸು ಕೊಡಲಾದೀತೇ ಸ್ವಾಮಿ, ಪಕ್ಕದ ಹೊಲ ಒಣಗಿತ್ತಲ್ಲ ಎಂದು ಅವರು ನಕ್ಕರು. ತಪ್ಪು ಅವರದಾಗಿರಲಿಲ್ಲ. ನೀರೆತ್ತುವ ವಿದ್ಯುತ್ತಿಗೆ ದರವಿಲ್ಲ, ಎತ್ತುವ ನೀರಿಗೆ ಮಿತಿಯಿಲ್ಲ. ಪ್ರತಿ ಹನಿಯ ಆದಾಯವನ್ನು ಮಾತ್ರ ನಾವು ಹೆಚ್ಚಿಸಿಕೊಟ್ಟಿದ್ದೆವು. ಆ ಸಂಜೆ ಪ್ರವಾಸಿ ಮಂದಿರದಲ್ಲಿ ಕುಳಿತು ಇದಕ್ಕೆ ಹೆಸರೇನಾದರೂ ಇದೆಯೇ ಎಂದು ಯೋಚಿಸಿದೆ. ಹೆಸರಿತ್ತು, ಅದೂ ನಾನು ಪರೀಕ್ಷೆಯಲ್ಲಿ ಬರೆದಿದ್ದ ಹೆಸರೇ ಆಗಿತ್ತು ಎಂಬುದು ಅನಂತರ ತಿಳಿಯಿತು.

ಹಾಗೆಂದು ಈ ವಿರೋಧಾಭಾಸವನ್ನು ಎಲ್ಲ ಸಂದರ್ಭಕ್ಕೂ ಅನ್ವಯಿಸಿ, ಮಿತವ್ಯಯದ ತಂತ್ರಜ್ಞಾನವೇ ನಿರರ್ಥಕವೆಂದು ವಾದಿಸುವವರನ್ನು ನಾನು ಒಪ್ಪುವುದಿಲ್ಲ. ಎಂಬತ್ತರ ದಶಕದಿಂದ ಇಂಧನ ಅರ್ಥಶಾಸ್ತ್ರಜ್ಞರು ಈ ವಿಷಯದ ಮೇಲೆ ಸಾಕಷ್ಟು ಕಾದಾಡಿದ್ದಾರೆ. ಉಳ್ಳವರ ಮನೆಯಲ್ಲಿ ಎಲ್‌ಇಡಿ ಬಲ್ಬು ಹಾಕಿದರೆ ಉಳಿತಾಯದ ಸ್ವಲ್ಪ ಭಾಗ ಮಾತ್ರ ಹೆಚ್ಚಿನ ಬಳಕೆಯಲ್ಲಿ ಕರಗುತ್ತದೆ. ಈಗಾಗಲೇ ಬೆಳಗಿರುವ ಕೋಣೆಯನ್ನು ಇನ್ನೆಷ್ಟು ಬೆಳಗಿಸಲಾದೀತು? ಉಗಿ ಯಂತ್ರದಂತೆ ಇಡೀ ಉದ್ಯಮರಂಗವನ್ನೇ ಬದಲಿಸುವ ಯಂತ್ರದ ಮಾತು ಬೇರೆ, ಬೇಡಿಕೆ ಹಸಿದೇ ಇರುವ ಬಡ ಹೊಲದ ಮಾತು ಬೇರೆ. ಅಲ್ಲದೆ ಬಡವನೊಬ್ಬ ಉಳಿತಾಯವಾದದ್ದನ್ನು ಮತ್ತೆ ಬಳಸಿಕೊಂಡರೆ ಅದು ಅವನ ಬದುಕಿನ ಸುಧಾರಣೆಯೇ ಹೊರತು ಪೋಲಲ್ಲ. ಜೆವನ್ಸ್ ಕೂಡ ಬಳಕೆ ಹೆಚ್ಚಿದ್ದಕ್ಕೆ ಮರುಗಲಿಲ್ಲ. ಅದನ್ನು ಉಳಿತಾಯವೆಂದು ಕರೆದುಕೊಂಡು ನಿಶ್ಚಿಂತೆಯಿಂದಿರಬೇಡಿ ಎಂದಷ್ಟೇ ಹೇಳಿದರು.

ಪುಸ್ತಕ ಮೊದಲು ನಿಧಾನವಾಗಿ ಮಾರಾಟವಾಯಿತು. ಪ್ರಕಾಶಕ ಮ್ಯಾಕ್ಮಿಲನ್ ಅದರ ಪ್ರತಿಗಳನ್ನು ಗಣ್ಯರಿಗೆ ತಲುಪಿಸಿದ ಮೇಲೆ ಗಾಳಿ ತಿರುಗಿತು. 1866ರ ಏಪ್ರಿಲ್‌ನಲ್ಲಿ ಜಾನ್ ಸ್ಟುವರ್ಟ್ ಮಿಲ್ ಸಂಸತ್ತಿನಲ್ಲಿ ಅದನ್ನು ಪ್ರಸ್ತಾಪಿಸಿ, ಮುಂದಿನ ಪೀಳಿಗೆಗೆ ಕಲ್ಲಿದ್ದಲನ್ನು ಉಳಿಸಲಾಗದಿದ್ದರೆ ಸಾಲವನ್ನಾದರೂ ಉಳಿಸದಿರೋಣ ಎಂಬ ಆಶಯದ ಭಾಷಣ ಮಾಡಿದರು. ಹಣಕಾಸು ಸಚಿವ ಗ್ಲಾಡ್‌ಸ್ಟನ್ ಲೇಖಕರನ್ನು ಕರೆಸಿ ಮಾತಾಡಿದರು. ಆ ವರ್ಷದ ಮುಂಗಡಪತ್ರದಲ್ಲಿ ರಾಷ್ಟ್ರೀಯ ಋಣ ತೀರಿಸುವ ಯೋಜನೆ ಮಂಡಿಸಿದಾಗ ಕಲ್ಲಿದ್ದಲಿನ ವಾದವನ್ನೂ ಬಳಸಿಕೊಂಡರು. ಕಲ್ಲಿದ್ದಲಿನ ನಿಕ್ಷೇಪ ಕುರಿತು ಒಂದು ರಾಯಲ್ ಆಯೋಗವೂ ನೇಮಕವಾಯಿತು. ಮೂವತ್ತು ತುಂಬಿದ ಅಪರಿಚಿತ ಬೋಧಕನಿಗೆ ಇದು ಸಣ್ಣ ಸಾಧನೆಯಲ್ಲ. ಜೆವನ್ಸ್ ಸೂಚಿಸಿದ ಪರಿಹಾರವೂ ಯೋಚನೆಗೆ ಅರ್ಹವಾದದ್ದು. ಕಲ್ಲಿದ್ದಲಿನ ರಫ್ತಿಗೆ ತೆರಿಗೆ ಹಾಕಿ ಎನ್ನಲಿಲ್ಲ, ಬಳಕೆಗೆ ಕಡಿವಾಣ ಹಾಕಿ ಎನ್ನಲಿಲ್ಲ. ಸಮೃದ್ಧಿ ಇರುವಾಗಲೇ ಸಾಲ ತೀರಿಸಿ, ಮಕ್ಕಳನ್ನು ಕಾರ್ಖಾನೆಯಿಂದ ಬಿಡಿಸಿ ಶಾಲೆಗೆ ಕಳಿಸಿ ಎಂದರು. ಕರಗುವ ಸಂಪತ್ತಿನ ಬದಲಿಗೆ ಕರಗದ ಸಂಪತ್ತನ್ನು ಮುಂದಿನವರಿಗೆ ಬಿಡಬೇಕೆಂಬ ಈ ವಿಚಾರವನ್ನು ಇಂದಿನ ಸುಸ್ಥಿರತೆಯ ಅರ್ಥಶಾಸ್ತ್ರ ಸಮೀಕರಣಗಳಲ್ಲಿ ಹೇಳುತ್ತದೆ.

ಭವಿಷ್ಯ ಅವರ ಲೆಕ್ಕದಂತೆ ನಡೆಯಲಿಲ್ಲ, ಪೂರ್ತಿ ಹುಸಿಯೂ ಆಗಲಿಲ್ಲ. ಬ್ರಿಟನ್ನಿನ ಕಲ್ಲಿದ್ದಲು ಉತ್ಪಾದನೆ 1913ರಲ್ಲಿ 28.7 ಕೋಟಿ ಟನ್ ಮುಟ್ಟಿ, ಮತ್ತೆಂದೂ ಆ ಮಟ್ಟಕ್ಕೆ ಏರಲಿಲ್ಲ. 260 ಕೋಟಿ ಟನ್ ಬೇಕಾಗಬಹುದೆಂದಿದ್ದ 1961ರಲ್ಲಿ ಅದು 20 ಕೋಟಿಯನ್ನೂ ಮುಟ್ಟಲಿಲ್ಲ. 2015ರ ಡಿಸೆಂಬರ್‌ನಲ್ಲಿ ಕೆಲಿಂಗ್ಲೆಯ ಆಳದ ಗಣಿ ಮುಚ್ಚಿತು. 2024ರ ಸೆಪ್ಟೆಂಬರ್ 30ರಂದು ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವೂ ಸ್ಥಗಿತಗೊಂಡಿತು. ನೆಲದಡಿ ಕಲ್ಲಿದ್ದಲು ಇನ್ನೂ ಇದೆ. ಅದನ್ನು ಸುಡುವ ಅಡುಗೆಮನೆ ಮಾತ್ರ ಈಗ ಚೀನ ಮತ್ತು ಭಾರತ. ಹೊಗೆ ತುಂಬಬಹುದಾದ ಆಕಾಶಕ್ಕೂ ಒಂದು ಮಿತಿಯಿದೆ ಎಂಬ ಯೋಚನೆ ಜೆವನ್ಸ್‌ಗೆ ಹೊಳೆಯಲಿಲ್ಲ. 1865ರಲ್ಲಿ ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಆ ಮನುಷ್ಯನ ಸ್ವಭಾವದಲ್ಲೇ ಕೊರತೆಯ ಭಯವಿತ್ತೆಂದು ಕೇನ್ಸ್ 1936ರಲ್ಲಿ, ಜನ್ಮಶತಾಬ್ದಿಯ ಸಂದರ್ಭದ ಉಪನ್ಯಾಸದಲ್ಲಿ ಹೇಳಿದರು. ಅದಕ್ಕವರು ಕೊಟ್ಟ ನಿದರ್ಶನ ಸ್ವಾರಸ್ಯಕರ. ಕಾಗದವೂ ದುರ್ಲಭವಾದೀತೆಂದು ಹೆದರಿ ಜೆವನ್ಸ್ ಬರೆಯುವ ಕಾಗದವನ್ನೂ ಕಟ್ಟುವ ಕಾಗದವನ್ನೂ ಎಷ್ಟು ಕೊಂಡಿಟ್ಟಿದ್ದರೆಂದರೆ, ಅವರು ಸತ್ತು ಐವತ್ತು ವರ್ಷ ಕಳೆದರೂ ಮಕ್ಕಳ ಕೈಯಲ್ಲಿ ಅದು ಖರ್ಚಾಗಿರಲಿಲ್ಲ.

1866ರಲ್ಲಿ ಓವೆನ್ಸ್ ಕಾಲೇಜು ಅವರನ್ನು ತರ್ಕಶಾಸ್ತ್ರ ಮತ್ತು ಅರ್ಥಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಮಾಡಿತು. ಮರುವರ್ಷ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯ ಸ್ಥಾಪಕ ಜಾನ್ ಎಡ್ವರ್ಡ್ ಟೇಲರ್ ಅವರ ಮಗಳು ಹ್ಯಾರಿಯೆಟ್‌ರನ್ನು ವಿವಾಹವಾದರು. ಜೆವನ್ಸ್ ಒಳ್ಳೆಯ ಪಾಠಗಾರರಾಗಿದ್ದರೇ ಎಂದರೆ, ಆಗಿರಲಿಲ್ಲ ಎಂದೇ ಹೇಳಬೇಕು. ಸಂಕೋಚದ ಸ್ವಭಾವ, ನಿದ್ರಾಹೀನತೆ, ಸಭೆಯ ಮುಂದೆ ನಿಲ್ಲುವುದೆಂದರೆ ಹಿಂಸೆ. ಸಂಜೆ ತರಗತಿಗಳಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೂ ಪಾಠ ಹೇಳಬೇಕಿತ್ತು. ಇನ್ನೊಂದು ಕಿರಿಕಿರಿಯನ್ನು ನಮ್ಮ ಅಧ್ಯಾಪಕ ಮಿತ್ರರು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ಮಿಲ್‌ರ ಅರ್ಥಶಾಸ್ತ್ರ ತಪ್ಪು ದಾರಿಯಲ್ಲಿದೆ ಎಂದು ಜೆವನ್ಸ್‌ಗೆ ಖಚಿತವಾಗಿತ್ತು. ಆದರೆ ಪರೀಕ್ಷೆಗೆ ಬರುವುದು ಮಿಲ್, ಆದ್ದರಿಂದ ವರ್ಷಗಟ್ಟಲೆ ಮಿಲ್‌ರನ್ನೇ ಪಾಠ ಮಾಡಿದರು. ಸಂಸತ್ತಿನಲ್ಲಿ ತಮ್ಮ ಪುಸ್ತಕವನ್ನು ಮೇಲೆತ್ತಿದವರೂ ಅದೇ ಮಿಲ್. ಎಪ್ಪತ್ತರ ದಶಕದ ಕೊನೆಯಲ್ಲಿ, ಮಿಲ್ ತೀರಿಕೊಂಡ ಮೇಲೆ, ಆ ಅಸಮಾಧಾನವೆಲ್ಲ ಕಟುವಾದ ಲೇಖನಮಾಲೆಯಾಗಿ ಹೊರಬಂತು. ಆ ಲೇಖನಗಳು ಜೆವನ್ಸ್‌ಗೆ ಶೋಭೆ ತಂದವೆಂದು ನಾನು ಹೇಳಲಾರೆ.

ಗದ್ದಿಗೆಯ ಮೇಲೆ ತಡವರಿಸಿದ ಅಧ್ಯಾಪಕ ಲೇಖನಿಯಿಂದ ಪಾಠ ಹೇಳಿದರು. 1870ರ ತರ್ಕಶಾಸ್ತ್ರದ ಪ್ರವೇಶ ಪುಸ್ತಕ ದಶಕಗಳ ಕಾಲ ಮರುಮುದ್ರಣವಾಗುತ್ತಲೇ ಇತ್ತು. ಹಣದ ಕುರಿತ 1875ರ ಪುಸ್ತಕ, 1878ರ ಅರ್ಥಶಾಸ್ತ್ರ ಬಾಲಬೋಧೆ ಸಾಮಾನ್ಯ ಓದುಗರಿಗೂ ತಿಳಿಯುವಂತಿದ್ದವು. ತರ್ಕದ ಸಮಸ್ಯೆಗಳನ್ನು ಕೀಲಿಮಣೆ ಒತ್ತಿ ಬಿಡಿಸುವ, ಪಿಯಾನೊದಂತೆ ಕಾಣುವ ಯಂತ್ರವೊಂದನ್ನು ಗಡಿಯಾರ ಮಾಡುವ ಕುಶಲಕರ್ಮಿಯಿಂದ ತಯಾರಿಸಿ 1870ರಲ್ಲಿ ರಾಯಲ್ ಸೊಸೈಟಿಯಲ್ಲಿ ಪ್ರದರ್ಶಿಸಿದರು. ಅದು ಈಗ ಆಕ್ಸ್‌ಫರ್ಡಿನ ವಿಜ್ಞಾನ ಇತಿಹಾಸದ ಸಂಗ್ರಹಾಲಯದಲ್ಲಿದೆ. 1871ರಲ್ಲಿ ಬಂತು, ನಮ್ಮ ಹತ್ತು ಅಂಕದ ಪ್ರಶ್ನೆಗೆ ಕಾರಣವಾದ ‘ಥಿಯರಿ ಆಫ್ ಪೊಲಿಟಿಕಲ್ ಎಕಾನಮಿ’. ಅದರ ಬಗ್ಗೆ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿದೆ. 1876ರಲ್ಲಿ ಜೆವನ್ಸ್ ತಾವು ಓದಿದ ಲಂಡನ್ ಕಾಲೇಜಿಗೇ ಪ್ರಾಧ್ಯಾಪಕರಾಗಿ ಬಂದರು.

ಬಂದ ವರ್ಷವೇ ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರದ ಬರ ಎಂದು ನೆನೆಯುತ್ತಿದ್ದ ಮಹಾಕ್ಷಾಮ ಅದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಳಿದಿತ್ತು. ಇದೇ ಸಮಯಕ್ಕೆ ಖಗೋಳಜ್ಞ ಲಾಕ್ಯರ್ ಮತ್ತು ಭಾರತ ಸರ್ಕಾರದ ಅಂಕಿಅಂಶ ಅಧಿಕಾರಿ ಹಂಟರ್ ಮದರಾಸಿನ ಮಳೆಗೂ ಸೂರ್ಯನ ಮೇಲಿನ ಕಲೆಗಳ ಏರಿಳಿತಕ್ಕೂ ಸಂಬಂಧವಿದೆಯೆಂದು ಬರೆದರು. ಜೆವನ್ಸ್ ಆ ಎಳೆಯನ್ನು ಹಿಡಿದರು. ಇಂಗ್ಲೆಂಡಿನ ವಾಣಿಜ್ಯ ಮುಗ್ಗಟ್ಟುಗಳು ಸುಮಾರು ಹತ್ತೂವರೆ ವರ್ಷಕ್ಕೊಮ್ಮೆ ಬರುತ್ತವೆ. ಸೌರಕಲೆಗಳ ಆವರ್ತವೂ ಅಷ್ಟೇ ಎಂದು ಆಗಿನ ಕೆಲವು ವಿಜ್ಞಾನಿಗಳು ಹೇಳುತ್ತಿದ್ದರು. ಸೂರ್ಯನ ಶಾಖ ಬದಲಾದರೆ ಭಾರತದ ಬೆಳೆ ಬದಲಾಗುತ್ತದೆ. ಬೆಳೆ ಚೆನ್ನಾಗಿ ಬಂದು ಧಾನ್ಯ ಅಗ್ಗವಾದ ವರ್ಷ ಭಾರತದ ರೈತ ಲ್ಯಾಂಕಾಶೈರಿನ ಬಟ್ಟೆ ಕೊಳ್ಳುತ್ತಾನೆ. ಬೆಳೆ ಹೋದ ವರ್ಷ ಮ್ಯಾಂಚೆಸ್ಟರಿನ ಗಿರಣಿ ನಿಲ್ಲುತ್ತದೆ. ಇದು ಅವರ ತರ್ಕಸರಣಿ. ಇದಕ್ಕಾಗಿ ದಿಲ್ಲಿಯ ಹಳೆಯ ಧಾನ್ಯದ ಬೆಲೆಗಳ ಪಟ್ಟಿಯನ್ನು ಹುಡುಕಿ ತೆಗೆದು ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ಹೊಂದದ ದತ್ತಾಂಶವನ್ನು ಹೊಂದಿಸಿಕೊಳ್ಳುವ ಆಸೆ ಎಂಥ ಎಚ್ಚರದ ಸಂಶೋಧಕನನ್ನೂ ಹೇಗೆ ಕೆಡಿಸಬಲ್ಲದೆಂಬುದಕ್ಕೆ ಇದು ಉದಾಹರಣೆ. ಸೌರಕಲೆಗಳ ಆವರ್ತ ಹನ್ನೊಂದು ವರ್ಷದ ಆಸುಪಾಸು ಎಂದು ಖಚಿತವಾದ ಮೇಲೆ ಆ ಹೊಂದಾಣಿಕೆ ಸಡಿಲಿತು, ಸಮಕಾಲೀನರು ನಕ್ಕರು. ನನಗೆ ಇದರಲ್ಲಿ ನಗುವಿಗಿಂತ ಹೆಚ್ಚಿನದು ಕಾಣುತ್ತದೆ. ಕ್ಷಾಮಕ್ಕೆ ಸೂರ್ಯನೇ ಹೊಣೆಯೆಂದಾದರೆ ಕಲ್ಕತ್ತೆಯ ಆಡಳಿತ ಹೊಣೆಯಾಗುವುದಿಲ್ಲ. ಮಳೆ ಇಲ್ಲದಿದ್ದದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ; ಪರಿಹಾರ ಕಾಮಗಾರಿಯಲ್ಲಿ ಕಲ್ಲು ಹೊರುವವನಿಗೆ ರಿಚರ್ಡ್ ಟೆಂಪಲ್ ನಿಗದಿ ಮಾಡಿದ್ದು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸು. ಜೆವನ್ಸ್ ಆಡಳಿತವನ್ನು ರಕ್ಷಿಸಲು ಬರೆದವರಲ್ಲ. ಆದರೂ ಭಾರತದ ರೈತ ಅವರ ಲೆಕ್ಕದಲ್ಲಿ ಬಟ್ಟೆ ಕೊಳ್ಳುವ ಗಿರಾಕಿಯಾಗಿ ಬಂದನೇ ಹೊರತು ಹಸಿದು ಸತ್ತವನಾಗಿ ಬರಲಿಲ್ಲ. ಆಹಾರದ ಅಭಾವಕ್ಕಿಂತ ಅದನ್ನು ಪಡೆಯುವ ಶಕ್ತಿ ಕುಸಿಯುವುದು ಕ್ಷಾಮದ ಮೂಲವೆಂದು ಅಮರ್ತ್ಯ ಸೇನ್ 1981ರಲ್ಲಿ ಬರೆದಾಗ ನಾವು ವಿದ್ಯಾರ್ಥಿಗಳು. ಮುಂದೆ ಬರ ಪರಿಹಾರದ ಕೆಲಸಕ್ಕೆ ಹೋದಾಗ ನನಗೆ ನೆರವಾದದ್ದು ಆ ಪುಸ್ತಕ.

1880ರಲ್ಲಿ ಜೆವನ್ಸ್ ಆರೋಗ್ಯದ ಕಾರಣದಿಂದ ಪ್ರಾಧ್ಯಾಪಕ ಹುದ್ದೆಗೆ ರಾಜೀನಾಮೆ ಕೊಟ್ಟು ಬರವಣಿಗೆಗೆ ನಿಂತರು. ಮರೆತುಹೋಗಿದ್ದ ಹದಿನೆಂಟನೆಯ ಶತಮಾನದ ಲೇಖಕ ಕ್ಯಾಂಟಿಲನ್‌ನನ್ನು ಮತ್ತೆ ಬೆಳಕಿಗೆ ತಂದದ್ದು ಆಗಲೇ. ಅರ್ಥಶಾಸ್ತ್ರದ ಬೃಹದ್ಗ್ರಂಥವೊಂದನ್ನು ಆರಂಭಿಸಿದ್ದರು. 1882ರ ಆಗಸ್ಟ್‌ನಲ್ಲಿ ಸಂಸಾರದೊಡನೆ ಹೇಸ್ಟಿಂಗ್ಸ್ ಬಳಿಯ ಬುಲ್ವರ್‌ಹೈಥ್ ಕಡಲತೀರಕ್ಕೆ ಹೋಗಿದ್ದವರು 13ರಂದು ಈಜಲು ನೀರಿಗಿಳಿದು ಮುಳುಗಿ ತೀರಿಕೊಂಡರು. ಇನ್ನೂ ನಲವತ್ತೇಳು ತುಂಬಿರಲಿಲ್ಲ. ಪತ್ರಗಳನ್ನೂ ದಿನಚರಿಯನ್ನೂ ಪತ್ನಿ ಹ್ಯಾರಿಯೆಟ್ 1886ರಲ್ಲಿ ಪ್ರಕಟಿಸಿದರು. ಅವರ ಒಳಬದುಕಿನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆ ಪುಸ್ತಕದಿಂದಲೇ ಬಂದದ್ದು.

ತಂದೆ ತೀರಿಕೊಂಡಾಗ ಮಗ ಹರ್ಬರ್ಟ್ ಸ್ಟ್ಯಾನ್ಲಿಗೆ ಆರು ವರ್ಷ. ಅವರೂ ಅರ್ಥಶಾಸ್ತ್ರವನ್ನೇ ಆರಿಸಿಕೊಂಡರು. ತಂದೆಯ ಸೂರ್ಯ ಸಿದ್ಧಾಂತವನ್ನು ಸಮರ್ಥಿಸಲು 1910ರಲ್ಲಿ ಒಂದು ಕೃತಿ ಬರೆದರು, ಬ್ರಿಟಿಷ್ ಕಲ್ಲಿದ್ದಲು ವ್ಯಾಪಾರದ ಬಗ್ಗೆ 1915ರಲ್ಲಿ ಇನ್ನೊಂದು. ಅಷ್ಟರಲ್ಲಿ ಭಾರತಕ್ಕೆ ಬಂದು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1923ರವರೆಗೂ ಅಲ್ಲಿದ್ದು, ಆಮೇಲೆ ರಂಗೂನಿಗೆ ಹೋದರು. ತಂದೆ ಬೆಲೆಪಟ್ಟಿಗಳಲ್ಲಷ್ಟೇ ಕಂಡಿದ್ದ ರೈತರ ನಾಡಿನಲ್ಲಿ ಮಗ ಗೇಣಿ ಕಾನೂನಿನ ಅರ್ಥಶಾಸ್ತ್ರದ ಬಗ್ಗೆ, ನಮ್ಮ ಹಣ ಮತ್ತು ಬ್ಯಾಂಕಿಂಗ್ ಬಗ್ಗೆ ಬರೆದರು. 1916ರಲ್ಲಿ ಅಲಹಾಬಾದಿನಿಂದ ‘ಇಂಡಿಯನ್ ಜರ್ನಲ್ ಆಫ್ ಎಕನಾಮಿಕ್ಸ್’ ಎಂಬ ತ್ರೈಮಾಸಿಕವನ್ನು ಹೊರಡಿಸಿದವರೂ ಅವರೇ. ನಮ್ಮ ವಿಭಾಗದ ಗ್ರಂಥಾಲಯದ ಮೂಲೆಯ ಕಪಾಟಿನಲ್ಲಿ ಆ ಪತ್ರಿಕೆಯ ಹಳೆಯ ಸಂಪುಟಗಳಿದ್ದವು. ಬೆನ್ನಿನ ಮೇಲಿನ ಹೆಸರು ಓದಿಕೊಂಡು ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದೇನೆ.